ದೀಪ ಹಚ್ಚುವ ಹೊತ್ತಿಗೆ ಕೆಂಪು ದೀಪ

ಕಳೆದ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಹೊಸ ಫೈಬರ್ ಸಂಪರ್ಕ ಹಾಕಿಸಿದೆವು. ನಾನು ವಾರಕ್ಕೆ ಮೂರು ದಿನ ಮನೆಯಿಂದಲೇ ಕಚೇರಿಯ ಕೆಲಸ ಮಾಡುವವನು. ನನ್ನ ಹೆಂಡತಿ ದುಬೈಯಲ್ಲಿರುವ ನಾಲ್ಕು ಮಕ್ಕಳಿಗೆ ಸಂಜೆ ಆರೂವರೆಗೆ, ಅಂದರೆ ಅಲ್ಲಿನ ಐದು ಗಂಟೆಗೆ, ಆನ್‌ಲೈನಿನಲ್ಲಿ ಸಂಗೀತ ಪಾಠ ಹೇಳುತ್ತಾಳೆ. ಅಪ್ಪನಿಗೆ ರಾತ್ರಿ ಊಟದವರೆಗೆ ಯೂಟ್ಯೂಬಿನ ಹರಿಕಥೆ ಬೇಕು. ಹೀಗಿರುವ ಮನೆಯಲ್ಲಿ ಮೊದಲ ವಾರದಿಂದಲೇ ಸಂಪರ್ಕ ಕಡಿಯತೊಡಗಿದಾಗ, ಮಳೆಗಾಲವಲ್ಲವೇ ಎಂದು ಜುಲೈ ಕಳೆಯುವವರೆಗೂ ನಾವು ಸಹಿಸಿಕೊಂಡೆವೆಂಬುದು ಈಗ ನನಗೇ ಆಶ್ಚರ್ಯದ ಸಂಗತಿ.

ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ ಸಿಗುತ್ತಿದ್ದ ಉತ್ತರ ಒಂದೇ: "ಸಂಜೆ ಹೊತ್ತು ಲೋಡ್ ಜಾಸ್ತಿ ಇರುತ್ತೆ ಸರ್, ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ." ಅಪ್ಪ ಈ ಮಾತನ್ನು ವ್ರತದಂತೆ ಪಾಲಿಸಿದರು. ಸ್ವಿಚ್ ಆರಿಸಿ, ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ, ಮತ್ತೆ ಹಾಕುತ್ತಿದ್ದರು. ಕೆಲವೊಮ್ಮೆ ಸಂಪರ್ಕ ಬರುತ್ತಿತ್ತು, ಕೆಲವೊಮ್ಮೆ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದ ಅಭ್ಯಾಸ ಬಿಡದ ಅವರು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ "ನೆ 6.48" ಎಂಬಂತೆ ನೆಟ್ ಹೋದ ಸಮಯವನ್ನು ಗುರುತು ಹಾಕಿಡುತ್ತಿದ್ದರು. ಆ ಗುರುತುಗಳಿಗೆ ನಾನು ಆಗ ಯಾವ ಬೆಲೆಯನ್ನೂ ಕೊಡಲಿಲ್ಲ.

ಆಗಸ್ಟ್‌ನಲ್ಲಿ ಒಂದು ರಜಾದಿನ ಕುಳಿತು, ಸಂಪರ್ಕ ಹೋದಾಗ ರೂಟರ್ ಪೆಟ್ಟಿಗೆಯ ಮೇಲಿನ ದೀಪಗಳು ಹೇಗಿರುತ್ತವೆ ಎಂಬುದನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ಫೈಬರ್ ಪೆಟ್ಟಿಗೆಯಲ್ಲಿ ವಿದ್ಯುತ್ತಿನ ದೀಪವಲ್ಲದೆ ಮುಖ್ಯವಾದವು ಮೂರು. ಬೆಳಕಿನ ಎಳೆ ಆಚೆ ಬದಿಯ ಯಂತ್ರದೊಂದಿಗೆ ಕೂಡಿಕೊಂಡಿದೆ ಎಂದು ಸೂಚಿಸುವ ಹಸಿರು ಪಾನ್ ದೀಪ, ಬೆಳಕು ಸಾಕಷ್ಟು ಬರುತ್ತಿಲ್ಲವೆಂದಾಗ ಹೊತ್ತುವ ಕೆಂಪು ಎಲ್‌ಒಎಸ್ ದೀಪ, ಮತ್ತು ಇಂಟರ್ನೆಟ್ ದೀಪ. ನಾವು ಒಂದೇ ಎಂದುಕೊಂಡಿದ್ದ ತೊಂದರೆ ವಾಸ್ತವದಲ್ಲಿ ಎರಡಾಗಿತ್ತು. ಸಂಜೆಯ ವೇಳೆ ಹೋದಾಗ ಕೆಂಪು ದೀಪ ಮಿಣುಕುತ್ತಿತ್ತು. ಆದರೆ ಕರೆಂಟು ಹೋಗಿ ಬಂದ ಮೇಲೆ ಹೋದಾಗ ಪಾನ್ ದೀಪ ಹಸಿರಾಗಿ ನಿಂತಿದ್ದು, ಇಂಟರ್ನೆಟ್ ದೀಪ ಮಾತ್ರ ಆರಿರುತ್ತಿತ್ತು.

ಎರಡನೆಯದು ನನಗೆ ಬೇಗ ಅರ್ಥವಾಯಿತು. ನಮ್ಮ ಸಂಪರ್ಕ ಪಿಪಿಪಿಒಇ ಎಂಬ ಪದ್ಧತಿಯದು. 1999ರಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ರೂಟರ್ ಬಳಕೆದಾರನ ಹೆಸರು ಮತ್ತು ಗುಪ್ತಪದ ಕೊಟ್ಟು ಕಂಪನಿಯ ಸರ್ವರಿನೊಂದಿಗೆ ಒಂದು ಸೆಷನ್ ತೆರೆದುಕೊಳ್ಳುತ್ತದೆ. ಕ್ರಮಬದ್ಧವಾಗಿ ಮುಚ್ಚುವಾಗ ಹೋಗಿಬರುತ್ತೇನೆಂದು ಹೇಳಿ ಹೋಗುತ್ತದೆ, ಆದರೆ ಕರೆಂಟು ಹಠಾತ್ತನೆ ಹೋದರೆ ಹೇಳುವ ಅವಕಾಶವೇ ಇರುವುದಿಲ್ಲ. ಆಚೆ ಬದಿಯ ಸರ್ವರ್ ಹಳೆಯ ಸೆಷನ್ ಇನ್ನೂ ಜೀವಂತವಿದೆಯೆಂದೇ ನಂಬಿರುತ್ತದೆ, ಒಂದು ಹೆಸರಿಗೆ ಒಂದೇ ಸೆಷನ್ ಎಂಬ ನಿಯಮವಿದ್ದರೆ ಮರಳಿ ಬಂದ ರೂಟರನ್ನು ಬಾಗಿಲಲ್ಲೇ ತಡೆಯುತ್ತದೆ. ತನ್ನ ವಿಚಾರಣೆಗೆ ಕೆಲವು ಬಾರಿ ಉತ್ತರ ಬಾರದೆ ಹೋದ ಮೇಲಷ್ಟೇ ಅದು ಹಳೆಯ ಸೆಷನ್ನನ್ನು ಅಳಿಸುತ್ತದೆ. ನಮ್ಮ ರೂಟರ್ ಅಷ್ಟರಲ್ಲಿ ಹಲವು ಬಾರಿ ಬಾಗಿಲು ತಟ್ಟಿ, ಬೇಸತ್ತು, ತಟ್ಟುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಅಪ್ಪ ಹತ್ತು ಎಣಿಸಿದರೆ ಸಾಲದಾಗುತ್ತಿದ್ದುದು ಈ ಕಾರಣಕ್ಕೆ. ಐದು ನಿಮಿಷ ಆರಿಸಿಟ್ಟರೆ ಪ್ರತಿಸಲವೂ ಬರುತ್ತಿತ್ತು. ಮನೆಯಲ್ಲಿ ಯುಪಿಎಸ್ ಇಲ್ಲವೆಂದಲ್ಲ. ಆದರೆ ಅದು ಹಳೆಯದು, ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಕ್ಷಣಮಾತ್ರದ ಅಂತರವನ್ನು ಫ್ಯಾನು ಗಮನಿಸುವುದಿಲ್ಲ, ರೂಟರ್ ಗಮನಿಸುತ್ತದೆ.

ರಾತ್ರಿ ಮೂರು ಗಂಟೆಗೆ ಕರೆಂಟು ಹೋಗಿಬಂದರೆ ಬೆಳಗ್ಗೆ ಎದ್ದವರು ಯಾರೋ ಒಬ್ಬರು ರೂಟರ್ ಆರಿಸಿ ಹಾಕಬೇಕಾಗಿದ್ದ ಈ ಕೆಲಸವನ್ನು ಯಂತ್ರಕ್ಕೆ ವಹಿಸಬಹುದೆಂದು ನನಗೆ ಅನ್ನಿಸಿತು. ಮೊದಲು ಹೊಳೆದದ್ದು ಸ್ಮಾರ್ಟ್ ಪ್ಲಗ್. ತಂದು ಜೋಡಿಸಿ, ಮೊಬೈಲಿನಿಂದ ರೂಟರನ್ನು ಆರಿಸಿದೆ. ಆರಿತು. ಮತ್ತೆ ಹಾಕಲು ಹೋದರೆ ಆಗಲಿಲ್ಲ, ಏಕೆಂದರೆ ಆ ಪ್ಲಗ್ಗಿಗೆ ಆಜ್ಞೆ ತಲುಪಬೇಕಾದದ್ದು ನಾನು ಆಗಷ್ಟೇ ಆರಿಸಿದ್ದ ರೂಟರಿನ ವೈಫೈ ಮೂಲಕವೇ. ಕುಳಿತ ಕೊಂಬೆಯನ್ನು ಕಡಿಯುವ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿದ್ದರೂ ಉಪಯೋಗವಾಗಿರಲಿಲ್ಲ. ಇಂತಿಷ್ಟು ಹೊತ್ತಿನ ಮೇಲೆ ತಾನಾಗಿಯೇ ಹೊತ್ತಿಕೊಳ್ಳುವಂತೆ ಹೊಂದಿಸಬಹುದಾದ ಪ್ಲಗ್‌ಗಳೂ ಇವೆ, ನಾನು ತಂದದ್ದು ಆ ಜಾತಿಯದಾಗಿರಲಿಲ್ಲ.

ಕಪಾಟಿನಲ್ಲಿ ಹಳೆಯ ರಾಸ್ಪ್‌ಬೆರಿ ಪೈ ಒಂದು ಬಿದ್ದಿತ್ತು. ಅಂಗೈಯಗಲದ ಈ ಗಣಕವನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಜೋಡಿಸಿದರೆ ವೈಫೈ ಹಂಗು ಇರುವುದಿಲ್ಲ. ಒಂದು ಶನಿವಾರ ಎಸ್‌.ಪಿ. ರಸ್ತೆಗೆ ಹೋಗಿ, ಆ ಇಕ್ಕಟ್ಟಿನ ಅಂಗಡಿಗಳಲ್ಲೊಂದರಲ್ಲಿ ಗಣಕದ ಆಜ್ಞೆಯಂತೆ ಸ್ವಿಚ್ಚಿನ ಕೆಲಸ ಮಾಡುವ 5 ವೋಲ್ಟಿನ ರಿಲೇ ಮಾಡ್ಯೂಲ್ ಕೊಂಡುತಂದೆ. 230 ವೋಲ್ಟಿನ ತಂತಿಯ ತಂಟೆಗೆ ಹೋಗದೆ, ಅಡಾಪ್ಟರಿನಿಂದ ರೂಟರಿಗೆ ಬರುವ 12 ವೋಲ್ಟಿನ ತಂತಿಯನ್ನೇ ಕತ್ತರಿಸಿ ರಿಲೇ ಮೂಲಕ ಹಾಯಿಸಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ರಿಲೇಯಲ್ಲಿ ಸಹಜ ಸ್ಥಿತಿಯಲ್ಲಿ ಕೂಡಿರುವ ತುದಿ ಒಂದು, ಸಹಜ ಸ್ಥಿತಿಯಲ್ಲಿ ಬಿಟ್ಟಿರುವ ತುದಿ ಇನ್ನೊಂದು. ನಾನು ಬಳಸಿದ್ದು ಮೊದಲನೆಯದನ್ನು. ಹೀಗೆ ಮಾಡಿದರೆ ನನ್ನ ಪುಟ್ಟ ಗಣಕ ಕೆಟ್ಟುಹೋದರೂ, ಅದಕ್ಕೆ ಕರೆಂಟೇ ಇಲ್ಲದಿದ್ದರೂ, ರೂಟರಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕಾವಲುಗಾರ ನಿದ್ದೆ ಹೋದನೆಂದು ಮನೆಯವರು ಒಳಗೆ ಬರಲಾಗದಂತೆ ಆಗಬಾರದಲ್ಲ.

ಇನ್ನುಳಿದದ್ದು ಪ್ರೋಗ್ರಾಂ. ಹೇಳಿಟ್ಟ ಹೊತ್ತಿಗೆ ಕೆಲಸಗಳನ್ನು ಹೊರಡಿಸುವ ಕ್ರಾನ್ ಮೂಲಕ ನಿಮಿಷಕ್ಕೊಮ್ಮೆ ಓಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ಅದು ಬಳಸುವ ಉಪಕರಣ ಪಿಂಗ್. ಜಲಾಂತರ್ಗಾಮಿಗಳ ಸೋನಾರ್ ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುವ ರೀತಿಯನ್ನು ನೆನೆದು ಮೈಕ್ ಮೂಸ್ ಎಂಬ ಅಮೆರಿಕದ ಎಂಜಿನಿಯರ್ 1983ರಲ್ಲಿ ಬರೆದು ಹೆಸರಿಟ್ಟದ್ದು. ಮೊದಲ ಆವೃತ್ತಿಯಲ್ಲಿ ಗೂಗಲ್‌ನ 8.8.8.8 ವಿಳಾಸ ಒಂದಕ್ಕೇ ಪಿಂಗ್ ಕಳಿಸಿ, ಉತ್ತರ ಬಾರದಿದ್ದರೆ ರೂಟರ್ ಆರಿಸುವಂತೆ ಮಾಡಿದ್ದೆ. ಇದು ತೀರಾ ಅವಸರದ ನ್ಯಾಯವೆಂದು ಎರಡೇ ದಿನದಲ್ಲಿ ತಿಳಿಯಿತು, ದಾರಿಯಲ್ಲಿ ಒಂದು ಪಿಂಗ್ ಕಳೆದುಹೋದ ಮಾತ್ರಕ್ಕೆ ಕಚೇರಿಯ ಸಭೆಯ ನಡುವೆ ರಿಲೇ "ಟಕ್" ಎಂದಿತು. ಆಮೇಲೆ ಹಂತಹಂತವಾಗಿ ವಿಚಾರಿಸುವಂತೆ ತಿದ್ದಿದೆ. ಮೊದಲು ರೂಟರಿನ ಸ್ವಂತ ವಿಳಾಸ 192.168.1.1 ಉತ್ತರಿಸುತ್ತದೆಯೇ, ಉತ್ತರಿಸಿದರೆ ಅದರಾಚೆ ಹೊರಜಾಲಕ್ಕೆ ದಾರಿ ಕೊಡುವ ಕಂಪನಿಯ ಮೊದಲ ಗೇಟ್‌ವೇ ಯಂತ್ರ ಉತ್ತರಿಸುತ್ತದೆಯೇ, ಅದರಾಚೆ 8.8.8.8 ಮತ್ತು ಕ್ಲೌಡ್‌ಫ್ಲೇರ್‌ನ 1.1.1.1 ಎರಡರಲ್ಲಿ ಒಂದಾದರೂ ಉತ್ತರಿಸುತ್ತದೆಯೇ; ಕೊನೆಗೆ, ಒಂದು ಜಾಲತಾಣದ ಹೆಸರು ಕೊಟ್ಟರೆ ಅದರ ವಿಳಾಸ ಸಿಗುತ್ತದೆಯೇ. ಸತತ ಮೂರು ನಿಮಿಷ ಸೋತರೆ ಮಾತ್ರ ಕ್ರಮ.

ಕೊನೆಯ ಪ್ರಶ್ನೆಯ ಪ್ರಯೋಜನ ಒಂದು ಭಾನುವಾರ ತಿಳಿಯಿತು. ಯಾವ ಪುಟವೂ ತೆರೆಯುತ್ತಿರಲಿಲ್ಲ, ಆದರೆ ಪಿಂಗ್‌ಗಳು ನಿರಾತಂಕವಾಗಿ ಹೋಗಿ ಬರುತ್ತಿದ್ದವು. ಹೆಸರನ್ನು ವಿಳಾಸಕ್ಕೆ ತಿರುಗಿಸುವ ಕಂಪನಿಯ ಡಿಎನ್‌ಎಸ್ ಸರ್ವರ್ ಮಾತ್ರ ಮಲಗಿತ್ತು. ಇಂತಹ ಹೊತ್ತಿನಲ್ಲಿ ರೂಟರನ್ನು ನೂರು ಸಲ ಆರಿಸಿ ಹಾಕಿದರೂ ಫಲವಿಲ್ಲ. ರೂಟರಿನ ಡಿಎನ್‌ಎಸ್ ವಿಳಾಸಗಳನ್ನು ಅದೇ 1.1.1.1 ಮತ್ತು 8.8.8.8 ಎಂದು ಬದಲಾಯಿಸಿದ ಮೇಲೆ ಆ ಬಗೆಯ ತೊಂದರೆ ಮತ್ತೆ ಬರಲಿಲ್ಲ.

ನನ್ನದೇ ತಪ್ಪುಗಳೂ ಕಡಿಮೆಯಿರಲಿಲ್ಲ. ಸೆಷನ್ ಸಿಕ್ಕಿಕೊಂಡಾಗ ಸ್ಕ್ರಿಪ್ಟ್ ಐದು ನಿಮಿಷ ರೂಟರನ್ನು ಆರಿಸಿಟ್ಟು ಕಾಯುತ್ತಿತ್ತು, ಕ್ರಾನ್ ಮಾತ್ರ ತನ್ನ ಪಾಡಿಗೆ ನಿಮಿಷಕ್ಕೊಂದು ಹೊಸ ಸ್ಕ್ರಿಪ್ಟನ್ನು ಹೊರಡಿಸುತ್ತಲೇ ಇತ್ತು. ಹೊಸದಾಗಿ ಬಂದದ್ದು, ರೂಟರ್ ಸತ್ತಿದೆಯೆಂದು ಕಂಡು, ತಾನೂ ಚಿಕಿತ್ಸೆಗೆ ತೊಡಗುತ್ತಿತ್ತು. ಒಂದು ರಾತ್ರಿ ಹೀಗೆ ಮೂವರು ವೈದ್ಯರು ಒಬ್ಬ ರೋಗಿಯ ಮೇಲೆ ಏಕಕಾಲಕ್ಕೆ ಕೈಯಾಡಿಸಿ ಬೆಳಗಿನವರೆಗೆ ಅವನನ್ನು ಏಳಗೊಡಲಿಲ್ಲ. ಒಂದು ಓಡುತ್ತಿರುವಾಗ ಇನ್ನೊಂದು ಹೊರಡದಂತೆ ಫ್ಲಾಕ್ ಎಂಬ ಬೀಗ ಹಾಕಿ ಅದನ್ನು ಸರಿಪಡಿಸಿದೆ. ಇನ್ನೊಂದು ತೊಡಕು ಗಡಿಯಾರದ್ದು. ಆ ಹಳೆಯ ಪೈನಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಹೊತ್ತು ಎಷ್ಟಾಯಿತೆಂದು ಅದು ಕೇಳಿ ತಿಳಿಯುವುದು ಇಂಟರ್ನೆಟ್‌ನಿಂದ. ಕರೆಂಟು ಹೋಗಿ ಬಂದು ನೆಟ್ ಬಾರದಿದ್ದಾಗ, ಯಾವಾಗ ನೆಟ್ ಹೋಯಿತೆಂದು ಬರೆದಿಡಬೇಕಾದ ಯಂತ್ರಕ್ಕೇ ಆಗ ಎಷ್ಟು ಗಂಟೆಯೆಂದು ಗೊತ್ತಿರುತ್ತಿರಲಿಲ್ಲ. ಮತ್ತೊಮ್ಮೆ ಎಸ್‌.ಪಿ. ರಸ್ತೆಗೆ ಹೋಗಿ, ಬಿಲ್ಲೆಯಂತಹ ಸೆಲ್ ಹಾಕುವ ಗಡಿಯಾರದ ಸಣ್ಣ ಮಾಡ್ಯೂಲ್ ತಂದು ಕೂರಿಸಿದೆ.

ಸೆಪ್ಟೆಂಬರ್ ಹೊತ್ತಿಗೆ ಕರೆಂಟಿನಿಂದಾಗುವ ತೊಂದರೆ ನಮ್ಮ ಗಮನಕ್ಕೇ ಬಾರದಂತಾಯಿತು. ನಾವು ನಿದ್ದೆಯಲ್ಲಿದ್ದಾಗಲೇ ಪೈ ಮತ್ತು ರಿಲೇ ಸೇರಿದ ನನ್ನ ಕಾವಲು ಪೆಟ್ಟಿಗೆ ಅದನ್ನು ನಿಭಾಯಿಸಿ ತನ್ನ ದಾಖಲೆಯಾದ ಲಾಗಿನಲ್ಲಿ ಒಂದು ಸಾಲು ಬರೆದಿಟ್ಟಿರುತ್ತಿತ್ತು. ಸಂಜೆಯದು ಮಾತ್ರ ಹಾಗೆಯೇ ಉಳಿಯಿತು, ಉಳಿದದ್ದಷ್ಟೇ ಅಲ್ಲ, ನನ್ನ ಪೆಟ್ಟಿಗೆಯಿಂದಾಗಿ ಇನ್ನಷ್ಟು ಹದಗೆಟ್ಟಿತು. ಅಕ್ಟೋಬರಿನ ಒಂದು ಸಂಜೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತಿದ್ದಾಗ ಪೆಟ್ಟಿಗೆ ಹನ್ನೊಂದು ಬಾರಿ ರೂಟರನ್ನು ಆರಿಸಿ ಹಾಕಿತು. ದುಬೈಯ ಮಕ್ಕಳು ಸರಳೆವರಸೆಯ ಒಂದು ಸಾಲನ್ನೂ ಪೂರ್ತಿ ಹಾಡಲಿಲ್ಲ. ಹೆಂಡತಿ ಪಾಠ ಮುಚ್ಚಿ ಬಂದು, "ಮುಂಚೆ ಅದಾಗಿ ಹೋಗ್ತಿತ್ತು, ಈಗ ನೀವು ಕಳಿಸ್ತಿದ್ದೀರ" ಎಂದಳು. ಅವಳ ಮಾತು ನ್ಯಾಯವಾಗಿಯೇ ಇತ್ತು. ಕ್ಷೀಣವಾದ ಬೆಳಕಿನಲ್ಲಿ ಹೇಗೋ ಹಿಡಿದುಕೊಂಡಿದ್ದ ಸಂಪರ್ಕವನ್ನು ನಾನೇ ಕಿತ್ತು, ಮತ್ತೆ ಮೊದಲಿನಿಂದ ಹಿಡಿದುಕೊಳ್ಳೆಂದು ಒತ್ತಾಯಿಸುತ್ತಿದ್ದೆ. ಕೆಂಪು ದೀಪದ ಕಾಯಿಲೆಗೆ ಆರಿಸಿ ಹಾಕುವುದು ಮದ್ದೇ ಅಲ್ಲ.

ಕಾವಲು ಪೆಟ್ಟಿಗೆಗೆ ಕೆಂಪು ದೀಪ ಕಾಣುವುದಿಲ್ಲ. ಆದರೆ ರೂಟರಿನ ಒಳಪುಟದಲ್ಲಿ, ಬಂದು ತಲುಪುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಒಂದು ಸಾಲು ಇತ್ತು. ಸ್ಕ್ರಿಪ್ಟ್ ಆ ಪುಟವನ್ನು ಓದಿ ಅಂಕಿಯನ್ನು ಬರೆದಿಡುವಂತೆಯೂ, ಅಂಕಿ -26ಕ್ಕಿಂತ ಕೆಳಗಿಳಿದಿದ್ದರೆ ರಿಲೇ ಮುಟ್ಟದೆ ಸುಮ್ಮನಿರುವಂತೆಯೂ ಮಾಡಿದೆ. ಈ ಅಳತೆಯಲ್ಲಿ 3 ಇಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ. ಬೀದಿಯ ಎಳೆಯೊಂದನ್ನು 32 ಮನೆಗಳಿಗೆ ಹಂಚಿದರೆ ಹಂಚುವುದರಲ್ಲಿಯೇ 15 ಡೆಸಿಬೆಲ್, ಅಂದರೆ ಈ ಅಳತೆಯ 15 ಅಂಕ, ಹೋಗುತ್ತದೆ, ಉಳಿದುದರಲ್ಲಿ ಮನೆಯ ಫೈಬರ್ ಪೆಟ್ಟಿಗೆ ಸಾಮಾನ್ಯವಾಗಿ -27ರವರೆಗೆ ಓದಿಕೊಳ್ಳಬಲ್ಲದು. ನಮ್ಮ ಮನೆಯ ಅಂಕಿ ಹಗಲೆಲ್ಲ -20ರ ಆಸುಪಾಸಿನಲ್ಲಿತ್ತು. ಸಂಜೆ ಒಮ್ಮೆಲೇ -28ಕ್ಕೆ ಬೀಳುತ್ತಿತ್ತು, ಅಂದರೆ ಬೆಳಕು ಆರನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು. ಅಲ್ಲಿಂದ ರಾತ್ರಿಯೆಲ್ಲ -26, -28 ಎಂದು ತುಯ್ದಾಡಿ, ಬೆಳಗಿನ ಐದೂವರೆಗೆ ಮತ್ತೆ ಒಮ್ಮೆಲೇ -20ಕ್ಕೆ ಏರುತ್ತಿತ್ತು. ರಾತ್ರಿ ನಾವು ಮಲಗಿರುತ್ತಿದ್ದುದರಿಂದ ಆ ಭಾಗ ನಮಗೆ ಗೊತ್ತೇ ಇರಲಿಲ್ಲ. ಬಳಕೆದಾರರ ದಟ್ಟಣೆಯಿಂದ ವೇಗ ಕುಗ್ಗಬಹುದೇ ಹೊರತು ಬೆಳಕು ಮಂಕಾಗಲಾರದು. ಹಾಗಾಗಿ ಲೋಡಿನ ವಾದ ಅಲ್ಲಿಗೇ ಬಿದ್ದುಹೋಯಿತು.

ಆದರೂ ಕಾರಣ ಹೊಳೆಯಲಿಲ್ಲ. ನವೆಂಬರಿನಲ್ಲಿ ಒಂದು ಬೆಳಗ್ಗೆ ಲಾಗಿನ ಅಂಕಿಗಳನ್ನು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅವರು ಎದ್ದು ಹೋಗಿ ಕ್ಯಾಲೆಂಡರನ್ನೇ ಮೊಳೆಯಿಂದ ಇಳಿಸಿಕೊಂಡು ಬಂದರು. ಜುಲೈ ಎರಡನೆಯ ವಾರದಲ್ಲಿ ಅವರು ಗುರುತು ಹಾಕಿದ್ದ ಸಮಯ 6.50ರ ಸುತ್ತಮುತ್ತ, ಸೆಪ್ಟೆಂಬರ್ ನಡುವಿನಲ್ಲಿ 6.20, ಈಗ 5.50. ಅವಸರವಿಲ್ಲದೆ, ದಿನಕ್ಕೆ ಅರ್ಧ ನಿಮಿಷ ಮುಕ್ಕಾಲು ನಿಮಿಷದಂತೆ, ಸಮಯ ಹಿಂದಕ್ಕೆ ಸರಿಯುತ್ತ ಬಂದಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಪುಟದ ಅಂಚಿನಲ್ಲಿ ಅಚ್ಚಾಗಿದ್ದ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ನೋಡೋ, ಸೂರ್ಯಾಸ್ತ. ನಿನ್ನ ನೆಟ್ಟು ಸೂರ್ಯನ ಜೊತೆ ಮುಳುಗ್ತಿದೆ ಕಣೋ."

ನಾನು ಬಿಸಿಲಿನ ಕಾವು, ತಂತಿಯ ಹಿಗ್ಗು ಕುಗ್ಗು ಎಂದೇನೋ ಸಿದ್ಧಾಂತ ಹೂಡಲು ಹೊರಟೆ. ಆದರೆ ಕಾವು ಇಳಿಯುವುದು ನಿಧಾನವಾಗಿ, ನಮ್ಮ ಬೆಳಕು ಬೀಳುತ್ತಿದ್ದುದು ಒಂದೇ ನಿಮಿಷದಲ್ಲಿ. ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, "ಅಷ್ಟೊತ್ತಿಗೆ ನಾನು ದೀಪ ಹಚ್ತೀನಲ್ಲ" ಎಂದರು. ಯಾರೂ ಮಾತಾಡಲಿಲ್ಲ. ಸೂರ್ಯ ಮುಳುಗುತ್ತಲೇ ಅಮ್ಮ ದೇವರಿಗೆ ದೀಪ ಹಚ್ಚುತ್ತಾರೆ, ಹಚ್ಚುವ ಮೊದಲು ಹಿಂಬಾಗಿಲು ಮುಚ್ಚಿ ಮೇಲಿನ ಚಿಲಕ ಹಾಕುತ್ತಾರೆ. ಮುಂಬಾಗಿಲಿನಿಂದ ಬಂದ ಲಕ್ಷ್ಮಿ ಹಿಂಬಾಗಿಲಿನಿಂದ ಹೋಗಬಾರದು. ಹಾಗೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಬೆಳಗಿನ ಐದೂವರೆಗೆ, ಅವರು ಹಿತ್ತಲಿಗೆ ಹೋಗುವಾಗ.

ನಮ್ಮ ಫೈಬರ್ ಬರುವುದು ಹಿಂದಿನ ಸಂದಿಯ ಕಂಬದಿಂದ. ಜೂನ್‌ನಲ್ಲಿ ಅದನ್ನು ಎಳೆಯಲು ಬಂದ ಹುಡುಗ, "ಸರ್, ಗೋಡೆಗೊಂದು ತೂತು ಹಾಕ್ಲಾ?" ಎಂದು ಕೇಳಿದ್ದ. ಹಿಂದಿನ ತಿಂಗಳಷ್ಟೇ ಮನೆಗೆ ಬಣ್ಣ ಹೊಡೆಸಿದ್ದ ನಾನು ಬೇಡವೆಂದಿದ್ದೆ, ಅವನು ಹಿಂಬಾಗಿಲಿನ ಚೌಕಟ್ಟಿನ ಮೇಲ್ಮೂಲೆಯ ಸಂದಿನಲ್ಲಿ ಬಿಳಿಯ ತಂತಿಯನ್ನು ಒಳಗೆ ತೂರಿಸಿ ಹೋಗಿದ್ದ. ನಾಲ್ಕು ತಿಂಗಳು ಕಂಪನಿಯವರನ್ನು ಬೈದದ್ದೆಲ್ಲ ನೆನಪಿಗೆ ಬಂದು ಮುಖ ಸಣ್ಣದಾಯಿತು. ಲ್ಯಾಪ್‌ಟಾಪಿನಲ್ಲಿ ಒಳಪುಟ ತೆರೆದಿಟ್ಟುಕೊಂಡು ಅಮ್ಮನನ್ನು ಬಾಗಿಲು ಹಾಕಲು ಹೇಳಿದೆ. ಬರಿದೆ ಮುಚ್ಚಿದಾಗ -21. ಮೇಲಿನ ಚಿಲಕ ಎಳೆದಾಗ -28. ಚಿಲಕ ತೆಗೆದರೆ -20. ಮೂರು ಸಲ ಮಾಡಿಸಿದೆ. ಮೂರನೆಯ ಸಲ ಅಮ್ಮ, "ಇನ್ನೆಷ್ಟು ಸಲನೋ, ಹಾಲು ಉಕ್ಕುತ್ತೆ" ಎಂದರು.

ತಂತಿಯೊಳಗಿನ ಗಾಜಿನ ಎಳೆಯ ವ್ಯಾಸ 125 ಮೈಕ್ರೋಮೀಟರ್, ಅದರ ನಡುವೆ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರೋಮೀಟರ್. ಎಳೆ ನೆಟ್ಟಗಿದ್ದಾಗ ಬೆಳಕು ತಿರುಳಿನಲ್ಲೇ ಉಳಿಯುತ್ತದೆ, ತೀರಾ ಬಾಗಿದರೆ ಬಾಗಿದಲ್ಲಿ ಹೊರಗೆ ಸೋರುತ್ತದೆ. ತರಂಗ ಉದ್ದವಾದಷ್ಟೂ ಸೋರುವುದು ಹೆಚ್ಚು. ಮನೆಯ ಕಡೆಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಮನೆಯಿಂದ ಹೋಗುವುದು 1310ರದು. ಆದ್ದರಿಂದ ಕಂಪನಿಯಲ್ಲಿ ಕುಳಿತವರ ಪರದೆಯಲ್ಲಿ ನಮ್ಮ ಎಳೆ ನಮಗೆ ಕಂಡಷ್ಟು ಕೆಟ್ಟದಾಗಿ ಕಂಡಿರಲಾರದು ಎಂಬ ಮಾತನ್ನು, ಅವರ ಪರವಾಗಿ, ಇಲ್ಲಿ ಹೇಳಲೇಬೇಕು.

ಈ ಬಾರಿ ಸಹಾಯವಾಣಿಗೆ ನೆಟ್ ಬರುತ್ತಿಲ್ಲ ಎನ್ನಲಿಲ್ಲ. ಚಿಲಕ ಹಾಕಿದಾಗ ಮತ್ತು ತೆಗೆದಾಗಿನ ಎರಡು ಅಂಕಿಗಳನ್ನು ಹೇಳಿದೆ, ಮರುದಿನ ಸಂಜೆಯೇ ಅದೇ ಹುಡುಗ ಬಂದ. ಅವನು ಪೆನ್ನಿನಂತಹ ಒಂದು ಲೇಸರನ್ನು ತಂತಿಯ ರೂಟರಿನ ಬದಿಯ ತುದಿಗೆ ಸಿಕ್ಕಿಸಿ, ನಡುಮನೆಯ ದೀಪ ಆರಿಸಿ, ಅಮ್ಮನಿಗೆ ಚಿಲಕ ಹಾಕಲು ಹೇಳಿದ. ಚೌಕಟ್ಟಿನ ಮೂಲೆಯಲ್ಲಿ, ತಂತಿಯ ಬಿಳಿಯ ಹೊದಿಕೆಯೊಳಗಿಂದ, ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಹೊರಗೆ ಇಣುಕಿತು. "ನೋಡಿ ಆಂಟಿ, ಇಲ್ಲೇ ಲೀಕು" ಎಂದ. ಡ್ರಿಲ್ ತಂದು ಗೋಡೆಗೆ ತೂತು ಕೊರೆದು, ಜಜ್ಜಿಹೋಗಿದ್ದ ಭಾಗವನ್ನು ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎರಡು ತುದಿಗಳನ್ನು ಬೆಸೆದು, ಅಗಲವಾದ ಸುರುಳಿಯಾಗಿ ತಂತಿಯನ್ನು ಗೋಡೆಗೆ ಕೂರಿಸಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕೆಲಸ ಮುಗಿದಾಗ ಚಿಲಕ ಹಾಕಿಯೂ ಅಂಕಿ -19.8. ಬಣ್ಣದ ಗೋಡೆಯ ಮೇಲೆ ಸಿಮೆಂಟಿನ ಒಂದು ಮಚ್ಚೆ ಉಳಿಯಿತು, ಅದಕ್ಕೆ ಹಚ್ಚಲು ಡಬ್ಬಿಯ ತಳದಲ್ಲಿ ಬಣ್ಣವಿದೆಯೇ ಎಂದು ನಾನಿನ್ನೂ ನೋಡಿಲ್ಲ.

ಕಾವಲು ಪೆಟ್ಟಿಗೆಯನ್ನು ತೆಗೆಯಲಿಲ್ಲ. ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಡಿಸೆಂಬರಿನಲ್ಲಿ ಕೊಂಡ ಮೇಲೆ ಅದಕ್ಕೆ ಕೆಲಸ ಬಹಳ ಕಡಿಮೆಯಾಗಿದೆ. ಆದರೆ ಆಚೆ ಬದಿಯಲ್ಲಿ ಏನಾದರೂ ಕೆಟ್ಟು ಸರಿಯಾದಾಗ ಸೆಷನ್ ಸಿಕ್ಕಿಕೊಳ್ಳುವುದು ಈಗಲೂ ಉಂಟು. ಈಗಿನ ನಿಯಮದಂತೆ ಅದು ಮೊದಲ ಸಲ ಅರ್ಧ ನಿಮಿಷ, ಎರಡನೆಯ ಸಲ ಐದು ನಿಮಿಷ, ಮೂರನೆಯ ಸಲ ಹದಿನೈದು ನಿಮಿಷ ರೂಟರನ್ನು ಆರಿಸಿಡುತ್ತದೆ, ಅದಕ್ಕೂ ಬಗ್ಗದಿದ್ದರೆ ಒಂದು ಗಂಟೆ ಸುಮ್ಮನಿರುತ್ತದೆ. ಬೆಳಕಿನ ಅಂಕಿ ಕೆಟ್ಟಿದ್ದರೆ ಮುಟ್ಟುವುದೇ ಇಲ್ಲ. ಜನವರಿಯಿಂದ ಈವರೆಗೆ ರಿಲೇ ಏಳು ಸಲ ಎದ್ದು ಬಿದ್ದಿದೆ. ಅವುಗಳಲ್ಲಿ ಐದು ನಡೆದದ್ದು ನಾವು ಮಲಗಿದ್ದಾಗ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಅಪ್ಪ ಎರಡನ್ನು ಮಾತ್ರ ಗುರುತು ಹಾಕಿದ್ದಾರೆ, ಉಳಿದ ಐದರ ಸಮಯವನ್ನು ಲಾಗಿನಿಂದ ತೆಗೆದು ಕೊಡು, ಲೆಕ್ಕ ತಾಳೆಯಾಗಬೇಕು ಎಂದು ಕೇಳಿದ್ದಾರೆ.